ಯಾರಾದರೂ ತಯಾರಿಲ್ಲವೇ?

ತೊಂಬತ್ತರ ದಶಕದಲ್ಲಿ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ನಾವು ಮೂವರು ಸೇರಿ ಏನೂ ತಪ್ಪು ಮಾಡದ ಒಂದು ಬೇರಿಂಗಿನ ಮೇಲೆ ಆರೋಪ ಹೊರಿಸಿದ್ದೆವು. ನಿಮಿಷಕ್ಕೆ 3000 ಸುತ್ತು ತಿರುಗುವ ಶಾಫ್ಟು ಅದು. ಅಂದರೆ ಸೆಕೆಂಡಿಗೆ 50 ಸುತ್ತು. ಎರಡು ತುದಿಯ ಬೇರಿಂಗುಗಳ ಮೇಲೆ ಕಂಪನ ಅಳೆಯುವ ಒಂದೊಂದು ಸೆನ್ಸರ್, ಒಂದೊಂದು ಸೆನ್ಸರಿಗೂ ಬೇರೆ ಬೇರೆ ರೆಕಾರ್ಡರ್, ಎರಡು ರೆಕಾರ್ಡರುಗಳನ್ನೂ ಆಳಲು ಒಂದು ಕಂಪ್ಯೂಟರ್. ನೂರು ಸೆಕೆಂಡಿನ ದಾಖಲೆ ತೆಗೆದು ಎರಡೂ ಅಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಅವು ಬರಬರುತ್ತಾ ದೂರ ಸರಿಯುತ್ತಿದ್ದವು. ಕೊನೆಗೆ ಸುಮಾರು 36 ಡಿಗ್ರಿ ಅಂತರ. ಶುರುವಿನಲ್ಲೇ ಸ್ವಲ್ಪ ಅಂತರವಿತ್ತು, ಅದು ಸೆನ್ಸರ್ ಕೂರಿಸಿದ ಜಾಗದ ದೋಷವಿರಬೇಕು ಎಂದು ನಾವೇ ತೀರ್ಮಾನಿಸಿ ಲೆಕ್ಕದಿಂದ ಕಳೆದುಬಿಟ್ಟಿದ್ದೆವು.

ಬೇರಿಂಗ್ ಬಿಸಿಯಾಗಿ ಸಡಿಲವಾಗುತ್ತಿದೆ ಎಂದು ವರದಿ ತಯಾರಾಯಿತು. ಅದು ಹೋಗಿದ್ದರೆ ಯಂತ್ರವನ್ನು ನಿಲ್ಲಿಸಿ, ಬಿಚ್ಚಿ, ಬೇರಿಂಗ್ ಬದಲಿಸಬೇಕಿತ್ತು. ವಾರಗಟ್ಟಲೆ ಕೆಲಸ. ಸಹಿಗೆಂದು ಕೊಟ್ಟಾಗ ನಮ್ಮ ಹಿರಿಯರು ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿದರು.

“ಎರಡು ರೆಕಾರ್ಡರಿಗೂ ಒಂದೇ ಸಿಗ್ನಲ್ ಕೊಟ್ಟು ನೋಡಿದ್ರೇನಯ್ಯಾ?”

“ಇಲ್ಲ ಸಾರ್. ಎರಡೂ ಒಂದೇ ಬಸ್ಸಿನ ಮೇಲಿವೆಯಲ್ಲ...”

“ಬಸ್ಸಿನ ಮೇಲಿದ್ರೆ?”

ಅಂದು ಸಂಜೆ ಸಿಗ್ನಲ್ ಜನರೇಟರಿನ ಒಂದೇ ತಂತಿಯನ್ನು ಎರಡು ರೆಕಾರ್ಡರಿಗೂ ಕೊಟ್ಟು ನೂರು ಸೆಕೆಂಡು ಕಾದೆವು. ಮತ್ತೆ 36 ಡಿಗ್ರಿ. ಅಲ್ಲಿ ಶಾಫ್ಟೂ ಇರಲಿಲ್ಲ, ಬೇರಿಂಗೂ ಇರಲಿಲ್ಲ.

“ಒಂದೇ ಬಸ್ಸಿನ ಮೇಲಿವೆ” ಎಂದರೆ “ಒಂದೇ ಹೊತ್ತಿಗೆ ನಡೆಯುತ್ತವೆ” ಎಂದು ನಾವು ತಿಳಿದಿದ್ದೆವು. ಈ ತಪ್ಪು ತಿಳಿವಳಿಕೆ ನಮ್ಮದೊಂದೇ ಅಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಅಳತೆಯ ಉಪಕರಣಗಳ ಬಸ್ಸುಗಳ ಚರಿತ್ರೆ ಈ ಎರಡು ಮಾತುಗಳ ನಡುವಿನ ಅಂತರದ ಚರಿತ್ರೆಯೂ ಹೌದು. ಅಂದ ಹಾಗೆ ಕಂಪ್ಯೂಟರಿನ ಬಸ್ಸಿಗೂ ಮೆಜೆಸ್ಟಿಕ್ಕಿನ ಬಸ್ಸಿಗೂ ಮೂಲ ಒಂದೇ. “ಎಲ್ಲರಿಗೂ” ಎಂಬ ಅರ್ಥದ ಲ್ಯಾಟಿನ್ ಪದ ಓಮ್ನಿಬಸ್. ಎಲ್ಲ ಉಪಕರಣಗಳೂ ಹಂಚಿಕೊಳ್ಳುವ ತಂತಿಗಳ ಗುಂಪೇ ಬಸ್.

ನಮ್ಮ ಮೇಜಿನ ಮೇಲಿದ್ದದ್ದು ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿದ ಬಸ್. 1966ರಲ್ಲಿ ಆ ಕಂಪನಿ 2116 ಎಂಬ ತನ್ನ ಮೊದಲ ಕಂಪ್ಯೂಟರನ್ನು ತಂದದ್ದೇ ತನ್ನ ವೋಲ್ಟ್‌ಮೀಟರು, ಕೌಂಟರುಗಳನ್ನು ಆಳಲಿಕ್ಕೆ. ಆದರೆ ಒಂದೊಂದು ಉಪಕರಣಕ್ಕೂ ಒಂದೊಂದು ಕಾರ್ಡು, ಒಂದೊಂದು ಕೇಬಲ್ಲು ಬೇಕು. ಹತ್ತು ಉಪಕರಣಗಳಿದ್ದರೆ ಹತ್ತು ಭಾಷೆ. ಈ ತಲೆನೋವಿಗೆ ಮದ್ದಾಗಿ ಬಂದ ಹೊಸ ಬಸ್ಸಿನ ವಿವರವನ್ನು ಜೆರಾಲ್ಡ್ ನೆಲ್ಸನ್ ಮತ್ತು ಡೇವಿಡ್ ರಿಚ್ಚಿ 1972ರ ಅಕ್ಟೋಬರ್ ತಿಂಗಳ ಹ್ಯೂಲೆಟ್-ಪ್ಯಾಕರ್ಡ್ ಜರ್ನಲ್ಲಿನಲ್ಲಿ ಬರೆದರು. ಕಂಪನಿ ಇದನ್ನು ಎಚ್‌ಪಿ-ಐಬಿ ಎಂದು ಕರೆಯಿತು. 1975ರಲ್ಲಿ ಐಇಇಇ 488 ಎಂಬ ಮಾನಕವಾಯಿತು. ಬೇರೆಯವರ ಬಾಯಲ್ಲಿ ಜಿಪಿಐಬಿ. ಒಟ್ಟು 16 ಸಿಗ್ನಲ್ ತಂತಿ, ಹೆಚ್ಚೆಂದರೆ 15 ಉಪಕರಣ, 20 ಮೀಟರ್ ಕೇಬಲ್, ಸೆಕೆಂಡಿಗೆ ಹತ್ತು ಲಕ್ಷ ಬೈಟುಗಳವರೆಗೆ ವೇಗ.

ಹದಿನಾರರಲ್ಲಿ ಎಂಟು ತಂತಿ ಮಾಹಿತಿಗೆ, ಐದು ಮೇಲ್ವಿಚಾರಣೆಗೆ. ಉಳಿದ ಮೂರರಲ್ಲೇ ಇದರ ಜಾಣತನವೆಲ್ಲ ಇರುವುದು. ಒಂದೇ ಬಸ್ಸಿನ ಮೇಲೆ ಚುರುಕಾದ ಕೌಂಟರ್ ಇರುತ್ತದೆ, ಟಕಟಕ ಎನ್ನುತ್ತಾ ಒಂದೊಂದೇ ಅಕ್ಷರ ಒತ್ತುವ ಪ್ರಿಂಟರೂ ಇರುತ್ತದೆ. ಇಬ್ಬರೂ ಒಂದೇ ಮಾತನ್ನು ಕೇಳಿಸಿಕೊಳ್ಳಬೇಕು, ಒಂದಕ್ಷರವೂ ತಪ್ಪಬಾರದು. ಒಂದೇ ತಾಳ ಹಾಕಿ ಎಲ್ಲರನ್ನೂ ಅದಕ್ಕೆ ಕುಣಿಸಹೊರಟರೆ, ತಾಳವನ್ನು ಯಾರಿಗೆ ಹೊಂದಿಸಬೇಕು? ಪ್ರಿಂಟರಿಗೆ ಹೊಂದಿಸಿದರೆ ಕೌಂಟರಿನ ಚುರುಕುತನ ದಂಡ. ಕೌಂಟರಿಗೆ ಹೊಂದಿಸಿದರೆ ಪ್ರಿಂಟರಿಗೆ ಅರ್ಧ ಮಾತು ಕೇಳಿಸುವುದೇ ಇಲ್ಲ. ಅದಕ್ಕೇ ಅವರು ತಾಳವನ್ನೇ ಬಿಟ್ಟರು.

ಬದಲಿಗೆ ಅವರು ತಂದ ಕ್ರಮವನ್ನು ಪಂಕ್ತಿಯಲ್ಲಿ ಕೂತು ಉಂಡವರಿಗೆ ವಿವರಿಸುವುದು ಸುಲಭ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸಬೇಡಿ ಎಂದರ್ಥ. ಸಾಲಿನಲ್ಲಿ ಒಬ್ಬರ ಕೈ ಅಡ್ಡವಿದ್ದರೂ ಬಡಿಸುವವರು ಹೆಜ್ಜೆ ಕಿತ್ತಿಡುವಂತಿಲ್ಲ ಎಂದು ಊಹಿಸಿಕೊಳ್ಳಿ. ಎಲ್ಲರ ಕೈಯೂ ಸರಿದ ಮೇಲೆ ಬಡಿಸುವವರು ‘ಬಡಿಸಿದೆ’ ಎನ್ನುತ್ತಾರೆ. ಆಮೇಲೆ ಎಲ್ಲರೂ ತಿಂದು ಮುಗಿಸುವ ತನಕ ಮುಂದಿನ ಬಗೆ ಬರುವುದಿಲ್ಲ. ಮೊಸರನ್ನವನ್ನು ನಿಧಾನಕ್ಕೆ ಕಲಸುತ್ತಾ ಕೂತ ಅಜ್ಜನೇ ಇಡೀ ಪಂಕ್ತಿಯ ವೇಗ. ಮೂರು ತಂತಿಗಳೂ ಇದೇ ಮೂರು ಸಂಗತಿಗಳನ್ನು ಹೇಳುತ್ತವೆ: ನಾನಿನ್ನೂ ತಯಾರಿಲ್ಲ, ಬಡಿಸಿದೆ, ನನ್ನದಿನ್ನೂ ಮುಗಿದಿಲ್ಲ.

ಕೇಳುವವರ ಎರಡು ತಂತಿಗಳೂ ‘ಇಲ್ಲ’ ಎಂದೇ ಹೇಳುತ್ತವೆ ಎಂಬುದನ್ನು ಗಮನಿಸಿ. ಎಲ್ಲ ಉಪಕರಣಗಳೂ ಒಂದೇ ತಂತಿಗೆ ಜೋತುಬಿದ್ದಿವೆ, ಯಾವುದೊಂದು ಹಿಡಿದೆಳೆದರೂ ತಂತಿಯ ವೋಲ್ಟೇಜು ಕೆಳಗಿಳಿಯುತ್ತದೆ, ಎಲ್ಲವೂ ಬಿಟ್ಟರೆ ಮಾತ್ರ ಮೇಲೇರುತ್ತದೆ. ಇಂಥ ತಂತಿಯ ಮೇಲೆ “ತಯಾರಿದ್ದೀರಾ?” ಎಂದು ಕೇಳಿ ಪ್ರಯೋಜನವಿಲ್ಲ. ಒಬ್ಬನ ‘ಹೌದು’ ಎಲ್ಲರ ‘ಹೌದು’ ಆಗಿಬಿಡುತ್ತದೆ. “ಯಾರಾದರೂ ತಯಾರಿಲ್ಲವೇ?” ಎಂದು ಕೇಳಿದರೆ ಒಬ್ಬನ ‘ಇಲ್ಲ’ ಸಾಕು, ಎಲ್ಲರೂ ನಿಲ್ಲುತ್ತಾರೆ. ಮದುವೆಮನೆಯ ಯಜಮಾನರೂ ಸಾಲಿನುದ್ದಕ್ಕೂ ಹೀಗೇ ಕೇಳುತ್ತಾ ಬರುವುದು. ಈ ಮೂರು ತಂತಿಯ ಹ್ಯಾಂಡ್‌ಶೇಕಿಗೆ ಹ್ಯೂಲೆಟ್-ಪ್ಯಾಕರ್ಡ್ ಪೇಟೆಂಟ್ ಪಡೆದಿತ್ತು. ನನ್ನನ್ನು ಕೇಳಿದರೆ, ಪೇಟೆಂಟಿಗೆ ಯೋಗ್ಯವಾದದ್ದು ಆ ‘ಇಲ್ಲ’ವೇ.

ಇದು ಎಷ್ಟು ಚೆನ್ನಾಗಿ ನಡೆಯಿತೆಂದರೆ 1977ರಲ್ಲಿ ಬಂದ ಕಮೊಡೋರ್ ಪೆಟ್ ಎಂಬ ಮನೆಬಳಕೆಯ ಕಂಪ್ಯೂಟರು ಕೂಡ ತನ್ನ ಫ್ಲಾಪಿ ಡ್ರೈವಿಗೆ, ಪ್ರಿಂಟರಿಗೆ ಇದೇ ಬಸ್ಸನ್ನು ಬಳಸಿತು.

ಆದರೆ ಈ ಸೌಜನ್ಯ ಒಂದನ್ನು ಮಾತ್ರ ಖಾತರಿ ಮಾಡುತ್ತದೆ. ಮಾತು ಎಲ್ಲರಿಗೂ ತಲುಪಿತು, ಅಷ್ಟೇ. ಯಾವ ಕ್ಷಣದಲ್ಲಿ ತಲುಪಿತು, ತಲುಪಿದ ಮೇಲೆ ಯಾರು ಯಾವಾಗ ಕೆಲಸ ಶುರುಮಾಡಿದರು ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮ್ಮ ಪ್ರೋಗ್ರಾಮು ಮೊದಲ ರೆಕಾರ್ಡರಿಗೆ ‘ಶುರುಮಾಡು’ ಎಂದು, ಆಮೇಲೆ ಎರಡನೆಯದಕ್ಕೆ ಹೇಳುತ್ತಿತ್ತು. ನಾವು ಸೆನ್ಸರ್ ದೋಷವೆಂದು ಕಳೆದಿದ್ದ ಶುರುವಿನ ಅಂತರ ಅದೇ. ಮಾನಕವನ್ನು ಬರೆದವರು ಇದನ್ನು ಯೋಚಿಸಿರಲಿಲ್ಲ ಎಂದಲ್ಲ. ಗ್ರೂಪ್ ಎಕ್ಸಿಕ್ಯೂಟ್ ಟ್ರಿಗರ್ ಎಂಬ ಒಂದೇ ಆಜ್ಞೆಯನ್ನು ಹಲವರಿಗೆ ಒಟ್ಟಿಗೆ ಕೊಡಬಹುದಿತ್ತು. ಆದರೂ ಆ ಆಜ್ಞೆಯನ್ನು ಬಿಡಿಸಿ ಓದಿ ಕೆಲಸಕ್ಕಿಳಿಯಲು ಒಂದೊಂದು ಉಪಕರಣದ ಒಳಗಿನ ಪ್ರೊಸೆಸರು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ.

ಒಂದು ವೇಳೆ ಒಟ್ಟಿಗೆ ಶುರುವಾದರೂ ಒಟ್ಟಿಗೆ ನಡೆಯುತ್ತವೆಯೇ? ಪ್ರತಿ ಉಪಕರಣದೊಳಗೂ ಒಂದು ಕ್ವಾರ್ಟ್ಜ್ ಕ್ರಿಸ್ಟಲ್ ಕೂತು ಕಾಲ ಎಣಿಸುತ್ತಿರುತ್ತದೆ. ಯಾವ ಎರಡು ಕ್ರಿಸ್ಟಲ್ಲುಗಳೂ ತದ್ರೂಪ ಅಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಸಾಮಾನ್ಯ, ಯಾರೂ ಅದನ್ನು ದೋಷ ಎನ್ನುವುದಿಲ್ಲ. ಒಂದು ಸೆಕೆಂಡಿನಲ್ಲಿ 20 ಮೈಕ್ರೊಸೆಕೆಂಡು. ನೂರು ಸೆಕೆಂಡಿನಲ್ಲಿ 2 ಮಿಲಿಸೆಕೆಂಡು. ನಮ್ಮ ಶಾಫ್ಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡು. ಅದರ ಹತ್ತನೇ ಒಂದು ಭಾಗ ಎಂದರೆ 36 ಡಿಗ್ರಿ. ಹಿರಿಯರು ಈ ಲೆಕ್ಕವನ್ನು ನಮ್ಮ ವರದಿಯ ಅಂಚಿನಲ್ಲೇ ಪೆನ್ಸಿಲ್ಲಿನಲ್ಲಿ ಮಾಡಿ ತೋರಿಸಿದರು. ಮುಜುಗರವಾಯಿತು, ನಿಜ. ಆದರೆ ಹೆದರಿಕೆಯಾದದ್ದು ಬೇರೆಯದಕ್ಕೆ. ಎರಡೂ ರೆಕಾರ್ಡರುಗಳು ಸರಿಯಾಗಿಯೇ ಇದ್ದವು, ಒಂದು ಬೈಟೂ ಕಳೆದಿರಲಿಲ್ಲ, ಬಸ್ ಒಂದು ದೂರನ್ನೂ ಹೇಳಿರಲಿಲ್ಲ.

ಉಪಕರಣ ತಯಾರಕರು ಈ ಪಾಠವನ್ನು ನಮಗಿಂತ ಮೊದಲೇ ಕಲಿತಿದ್ದರು. 1987ರಲ್ಲಿ ಹ್ಯೂಲೆಟ್-ಪ್ಯಾಕರ್ಡ್, ಟೆಕ್ಟ್ರಾನಿಕ್ಸ್ ಸೇರಿ ಐದು ಕಂಪನಿಗಳು ಒಟ್ಟಾಗಿ ವಿಎಕ್ಸ್‌ಐ ಎಂಬ ಬಸ್ಸನ್ನು ರೂಪಿಸಿದವು. ಅದರ ತಳಹದಿ 1981ರ ವಿಎಂಇ ಬಸ್. ವಿಎಂಇಯೂ ತಾಳವಿಲ್ಲದ ಬಸ್ಸೇ, ಕೇಳಿದವನು ‘ಆಯಿತು’ ಎನ್ನುವ ತನಕ ಹೇಳಿದವನು ಕಾಯುತ್ತಾನೆ. ಹೊಸಬರು ಆ ಕಾಯುವಿಕೆಯನ್ನು ಮುಟ್ಟಲಿಲ್ಲ. ಪಕ್ಕದಲ್ಲೇ ಬೇರೆ ತಂತಿಗಳನ್ನು ಹಾಕಿದರು: ಪ್ರತಿ ಸ್ಲಾಟಿಗೂ 10 ಮೆಗಾಹರ್ಟ್ಜ್ ಕ್ಲಾಕು, ಎಲ್ಲರೂ ಹಂಚಿಕೊಳ್ಳುವ ಎಂಟು ಟ್ರಿಗರ್ ತಂತಿಗಳು. ಮಾತಿಗೆ ಒಂದು ದಾರಿ, ಹೊತ್ತಿಗೆ ಇನ್ನೊಂದು.

ಹತ್ತು ವರ್ಷದ ನಂತರ, 1997ರಲ್ಲಿ, ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಪಿಎಕ್ಸ್‌ಐ ತಂದಾಗ ತಳದಲ್ಲಿದ್ದದ್ದು ಪಿಸಿಐ. ಅದು ಪೂರ್ತಿ ತಾಳಬದ್ಧ ಬಸ್, 33 ಮೆಗಾಹರ್ಟ್ಜ್ ಕ್ಲಾಕಿನ ಮೇಲೆ ನಡೆಯುವಂಥದ್ದು. ಆಗಲೇ ಕ್ಲಾಕ್ ಇದ್ದಮೇಲೆ ಇನ್ನೊಂದೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಪಿಸಿಐಯ ಕ್ಲಾಕು ಮಾತನ್ನು ಸಾಗಿಸಲಿಕ್ಕಿರುವುದು. ಒಬ್ಬ ಮಾತಾಡುವಾಗ ಉಳಿದವರು ಸರದಿಯಲ್ಲಿ ಕಾಯಲೇಬೇಕು, ಆಜ್ಞೆ ಯಾವ ಕ್ಷಣದಲ್ಲಿ ತಲುಪುತ್ತದೆ ಎಂಬುದು ಆಗಿನ ಗದ್ದಲದ ಮೇಲೆ ನಿಂತಿದೆ. ಹಾಗಾಗಿ ಇಲ್ಲೂ ಪ್ರತ್ಯೇಕ 10 ಮೆಗಾಹರ್ಟ್ಜ್ ತಂತಿ ಬಂತು. ಸ್ಲಾಟಿನಿಂದ ಸ್ಲಾಟಿಗೆ ಅದರ ವ್ಯತ್ಯಾಸ ಒಂದು ನ್ಯಾನೊಸೆಕೆಂಡಿಗಿಂತ ಕಡಿಮೆ ಇರಬೇಕು ಎಂಬುದು ನಿಯಮ. ವಿದ್ಯುತ್ ಸಂಕೇತ ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು ಒಂದು ಗೇಣು ಸಾಗುತ್ತದೆ. ಆದ್ದರಿಂದ ನಕ್ಷತ್ರದ ಕಿರಣಗಳಂತೆ ಒಂದೇ ಜಾಗದಿಂದ ಹೊರಡುವ ಟ್ರಿಗರ್ ತಂತಿಗಳನ್ನು ಸಮ ಉದ್ದಕ್ಕೆ ತರುತ್ತಾರೆ. ಹತ್ತಿರದ ಸ್ಲಾಟಿನ ತಂತಿಯನ್ನು ಬೇಕೆಂದೇ ಸುತ್ತಿಬಳಸಿ ಒಯ್ಯುತ್ತಾರೆ.

ಉಪಕರಣಗಳು ಪೆಟ್ಟಿಗೆ ಬಿಟ್ಟು ಕಟ್ಟಡದ ತುಂಬ ಹರಡಿಕೊಂಡಾಗ ಸಮ ಉದ್ದದ ತಂತಿ ಎಳೆಯುವುದು ಅಸಾಧ್ಯವಾಯಿತು. ಉತ್ತರ ಬಂದದ್ದು ಮತ್ತೆ ಅದೇ ಕಂಪನಿಯ ಮನೆಯಿಂದ. ಹ್ಯೂಲೆಟ್-ಪ್ಯಾಕರ್ಡಿನಿಂದ ಒಡೆದು ಬಂದ ಅಜಿಲೆಂಟಿನ ಜಾನ್ ಐಡ್ಸನ್ ಮುಂದಾಳತ್ವದ ಕೆಲಸ 2002ರಲ್ಲಿ ಐಇಇಇ 1588 ಎಂಬ ಮಾನಕವಾಯಿತು. ಇದರಲ್ಲಿ ಉಪಕರಣಗಳು ಜಾಲದ ಮೇಲೆ ಹೊತ್ತು ಬರೆದ ಓಲೆಗಳನ್ನು ಕಳಿಸಿ, ಪಡೆದು, ಹೋಗಿಬರುವ ಸಮಯದ ಅರ್ಧವನ್ನು ದಾರಿಯ ವಿಳಂಬವೆಂದು ಹಿಡಿದು ತಮ್ಮ ಗಡಿಯಾರಗಳನ್ನು ತಿದ್ದಿಕೊಳ್ಳುತ್ತವೆ. ಹೋಗುವ ದಾರಿ, ಬರುವ ದಾರಿ ಸಮವಾಗಿರಬೇಕು, ಅಷ್ಟೇ. ಸಮವಿಲ್ಲದಿದ್ದರೆ ವ್ಯತ್ಯಾಸದ ಅರ್ಧ ತಪ್ಪಾಗಿ ಉಳಿದುಬಿಡುತ್ತದೆ. ಆ ಓಲೆಗಳನ್ನು ಎಷ್ಟು ಸಲ ಓದಿದರೂ ಅದು ಕಾಣಿಸುವುದಿಲ್ಲ.

ನಮಗೆ ಅಷ್ಟೆಲ್ಲ ಬೇಕಿರಲಿಲ್ಲ. ರೆಕಾರ್ಡರುಗಳ ಬೆನ್ನ ಹಿಂದೆ, ನಾವು ಒಮ್ಮೆಯೂ ಬಳಸದ, ಇನ್ನೂ ಪ್ಲಾಸ್ಟಿಕ್ ಮುಚ್ಚಳ ತೆಗೆಯದ ಎರಡು ಸಾಕೆಟ್ಟುಗಳಿದ್ದವು. ಒಂದರ 10 ಮೆಗಾಹರ್ಟ್ಜ್ ಔಟ್‌ಪುಟ್ಟನ್ನು ಇನ್ನೊಂದರ ಇನ್‌ಪುಟ್ಟಿಗೆ ಕೊಟ್ಟೆವು, ಟ್ರಿಗರಿಗೆ ಬೇರೊಂದು ಕೇಬಲ್ ಎಳೆದೆವು. ಮಾರನೆಯ ದಿನ ಶಾಫ್ಟನ್ನು ಮತ್ತೆ ತಿರುಗಿಸಿ ನೂರು ಸೆಕೆಂಡು ದಾಖಲಿಸಿದೆವು. ಎರಡು ಅಲೆಗಳ ಅಂತರ ಮೊದಲ ಸೆಕೆಂಡಿನಲ್ಲಿ ಎಷ್ಟಿತ್ತೋ ಕೊನೆಯದರಲ್ಲೂ ಅಷ್ಟೇ ಇತ್ತು. ವರದಿಯ ಆ ಪುಟವನ್ನು ಹಿರಿಯರು ಹರಿಯಲಿಲ್ಲ. ಪೆನ್ಸಿಲ್ ಲೆಕ್ಕ ಮೇಲೆ ಬರುವಂತೆ ಮಡಚಿ ರೆಕಾರ್ಡರಿನ ಮೇಲೆ ಅಂಟಿಸಿದರು. ನಾನು ಆ ಕೆಲಸ ಬಿಡುವಾಗಲೂ ಅದು ಅಲ್ಲೇ ಇತ್ತು.