ಚಳಿನಾಡಿನ ಅನಾನಸು

ತಿಂದು ಉಳಿದ ಅನಾನಸಿನ ಜುಟ್ಟನ್ನು ಹಿತ್ತಲಲ್ಲಿ ನೆಟ್ಟರೆ ನಮ್ಮ ಮಲೆನಾಡಿನಲ್ಲಿ ಅದು ತಾನಾಗಿ ಬೇರು ಬಿಡುತ್ತದೆ. ಹಣ್ಣಿಗೆ ಎರಡು ವರ್ಷ ಕಾದರಾಯಿತು. ಇದೇ ಗಿಡ ಚಳಿನಾಡಿನ ಸಿರಿವಂತರ ನಿದ್ದೆಗೆಡಿಸಿತ್ತು.

ಕೊಲಂಬಸ್ ಈ ಹಣ್ಣನ್ನು ಕಂಡದ್ದು 1493ರಲ್ಲಿ, ಗ್ವಾಡಲೂಪ್ ದ್ವೀಪದಲ್ಲಿ. ಮುಂದಿನ ಶತಮಾನದಲ್ಲೇ ಪೋರ್ಚುಗೀಸರು ಅದನ್ನು ಭಾರತಕ್ಕೆ ತಂದರು. ಯುರೋಪಿಗೆ ಹೊರಟ ಹಣ್ಣುಗಳು ಮಾತ್ರ ಹಡಗಿನಲ್ಲೇ ಕೊಳೆಯುತ್ತಿದ್ದವು. ಸರಿ, ಗಾಜಿನ ಮನೆಯೊಳಗೇ ಬೆಳೆಯಬೇಕು. ಆದರೆ ಬೇರಿಗೆ ಕಾವು? ಲಂಡನ್ ಬಳಿಯ ರಿಚ್ಮಂಡಿನಲ್ಲಿ ಮ್ಯಾಥ್ಯೂ ಡೆಕರ್ ಎಂಬ ವರ್ತಕನ ತೋಟಗಾರ ಹೆನ್ರಿ ಟೆಲೆಂಡ್, ಚರ್ಮ ಹದಮಾಡಿ ಬಿಸುಟ ತೊಗಟೆಯನ್ನು ಗುಂಡಿಗೆ ತುಂಬಿ ಅದರಲ್ಲಿ ಕುಂಡಗಳನ್ನು ಹುಗಿದ. ಕೊಳೆಯುವ ತೊಗಟೆ ತಿಂಗಳುಗಟ್ಟಲೆ ಹದವಾದ ಬಿಸಿ ಕೊಟ್ಟಿತು! ಹಿಗ್ಗಿದ ಡೆಕರ್ 1720ರಲ್ಲಿ ಆ ಹಣ್ಣಿನ ವರ್ಣಚಿತ್ರವನ್ನೇ ಬರೆಸಿದ.

ಬೆಳೆದ ಗಿಡ ಹೂ ಬಿಡದೆ ಸತಾಯಿಸುವುದೂ ಉಂಟು. ಅದಕ್ಕೆ ಉಪಾಯ 19ನೇ ಶತಮಾನದಲ್ಲಿ ಅಜೋರ್ಸ್ ದ್ವೀಪಗಳ ಗಾಜಿನ ಮನೆಗಳಲ್ಲಿ ಅಕಸ್ಮಾತ್ತಾಗಿ ಸಿಕ್ಕಿತು: ಹೊಗೆ ಕವಿದ ಗಿಡಗಳೆಲ್ಲ ಒಟ್ಟಿಗೇ ಹೂಬಿಟ್ಟವು. ಹೊಗೆಯಲ್ಲಿದ್ದ ಎಥಿಲೀನ್ ಅನಿಲದ ಕೆಲಸ ಅದು. ಮಾಗಿದ ಸೇಬೂ ಅದನ್ನೇ ಸೂಸುತ್ತದೆ. ಬಲಿತ ಗಿಡದ ಬುಡದಲ್ಲಿ ಒಂದೆರಡು ಸೇಬು ಇಟ್ಟು, ಪ್ಲಾಸ್ಟಿಕ್ ಚೀಲ ಮುಸುಕಿ ಕೆಲವು ದಿನ ನೆರಳಲ್ಲಿ ಬಿಡಿ. ಹೂವಿನ ಕೆಂಪು ಕಾಣಲು ಮತ್ತೆ ಒಂದೆರಡು ತಿಂಗಳು ಬೇಕು.