ಬೇಕಾದ್ದು ಹಾಕು, ಬೇಡಾದ್ದು ಬಿಡು: ಲಿನಕ್ಸ್ ಕಲಿಸಿದ ಪಾಠ

ಹೊಸ ಫೋನ್ ಕೊಂಡರೆ ನಾವು ಕೇಳದ ಆ್ಯಪ್‌ಗಳು ಅದರಲ್ಲಿ ಮೊದಲೇ ಕೂತಿರುತ್ತವೆ. ಕೆಲವನ್ನು ಅಳಿಸಲೂ ಬರುವುದಿಲ್ಲ. ಆದರೆ ಯಂತ್ರಕ್ಕೆ ಏನು ಹಾಕಬೇಕು ಎಂಬ ತೀರ್ಮಾನವನ್ನು ಬಳಸುವವರ ಕೈಗೇ ಕೊಟ್ಟ ಇತಿಹಾಸವೂ ಒಂದಿದೆ. ಅದು ಲಿನಕ್ಸ್‌ನದು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು ಕರ್ನಲ್ ಮಾತ್ರ, ಅಂದರೆ ಎಂಜಿನ್ ಮಾತ್ರ. ಉಳಿದ ತಂತ್ರಾಂಶಗಳನ್ನು 'ಪ್ಯಾಕೇಜ್' ಎಂಬ ಗಂಟುಗಳಾಗಿ ಕಟ್ಟಿ ಹಂಚಿದವರು ಬೇರೆಯವರು. 1993ರ ಜುಲೈನಲ್ಲಿ ಅಮೆರಿಕದ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಸ್ಲ್ಯಾಕ್‌ವೇರ್ ಹೊರತಂದರು. ಮೊದಲ ಆವೃತ್ತಿ 24 ಫ್ಲಾಪಿಗಳಲ್ಲಿತ್ತು. ಮರುವರ್ಷಕ್ಕೆ 73 ಆಯಿತು. ಫ್ಲಾಪಿಗಳಿಗೆ ಅಕ್ಷರದ ಗುರುತು: 'ಎ' ಅಂದರೆ ಮೂಲ, 'ಎನ್' ನೆಟ್‌ವರ್ಕ್, 'ವೈ' ಆಟಗಳು. ಆಟ ಬೇಡವಾದರೆ ಆ ಫ್ಲಾಪಿಯ ಗೊಡವೆಯೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದಂತೆ, ಡಿಸ್ಕ್ ಇದ್ದಷ್ಟು ತಂತ್ರಾಂಶ.

ತೊಡಕೂ ಇತ್ತು. ಒಂದು ಪ್ಯಾಕೇಜ್ ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ಮೋಟರ್ ತಂದು ಪೈಪ್ ಮರೆತರೆ ನೀರು ಬಾರದು, ಇಲ್ಲೂ ಹಾಗೆಯೇ. ಸ್ಲ್ಯಾಕ್‌ವೇರ್ ಈ ನಂಟನ್ನು ನೋಡುತ್ತಿರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಈ ನಂಟನ್ನು ಪ್ಯಾಕೇಜಿನಲ್ಲೇ ಬರೆದಿಟ್ಟಿತು. ಆದರೆ ಅದರ 'ಡಿಸೆಲೆಕ್ಟ್' ಪಟ್ಟಿ ಬಲು ಉದ್ದ, ಹೊಸಬರಿಗೆ ತಲೆನೋವು. ಮುಂದೆ ಬಂದ 'ಟಾಸ್ಕ್‌ಸೆಲ್' ಬರೀ ಯಾವ ಕೆಲಸಕ್ಕೆ ಬೇಕು ಎಂದು ಕೇಳಿತು. ರೆಡ್ ಹ್ಯಾಟ್‌ನ 'ಕಿಕ್‌ಸ್ಟಾರ್ಟ್'ನಲ್ಲಿ ಒಮ್ಮೆ ಪಟ್ಟಿ ಬರೆದಿಟ್ಟರೆ ಸಾಕು, ನೂರು ಯಂತ್ರಕ್ಕೂ ಅದೇ ನಡೆಯುತ್ತದೆ. ಬೇಡದ ಪ್ಯಾಕೇಜಿನ ಹೆಸರಿನ ಮುಂದೆ ಮೈನಸ್ ಗುರುತು ಹಾಕಬೇಕು, ಅಷ್ಟೇ.

ಬೇಡದ್ದನ್ನು ಬಿಡುವುದು ಜಾಗ ಉಳಿಸಲಿಕ್ಕೆ ಮಾತ್ರವಲ್ಲ. 2001ರ ಜನವರಿಯಲ್ಲಿ 'ರಾಮೆನ್' ಎಂಬ ಹುಳು ರೆಡ್ ಹ್ಯಾಟ್ 6.2 ಮತ್ತು 7.0 ಇದ್ದ ಯಂತ್ರಗಳಿಗೆ ನುಗ್ಗಿತು. ಫೈಲ್ ಹಂಚುವ, ಪ್ರಿಂಟ್ ನೋಡಿಕೊಳ್ಳುವ ಸೇವೆಗಳಲ್ಲಿದ್ದ ದೋಷಗಳೇ ಅದರ ದಾರಿ. ವೆಬ್ ಪುಟಗಳನ್ನು ಅಳಿಸಿ ನೂಡಲ್ಸ್ ಚಿತ್ರ ಅಂಟಿಸಿತು. ಆ ಸೇವೆಗಳನ್ನು ಹಾಕಿಕೊಳ್ಳದವರ ಮನೆಗೆ ಆ ಬಾಗಿಲೇ ಇರಲಿಲ್ಲ.

2018ರ ಉಬುಂಟು 18.04ರಲ್ಲಿ 'ಕನಿಷ್ಠ ಅನುಸ್ಥಾಪನೆ' ಎಂಬ ಆಯ್ಕೆ ಬಂತು. ಡೆಬಿಯನ್‌ನಲ್ಲಿ ಕನ್ನಡಕ್ಕೆಂದೇ ಪ್ಯಾಕೇಜ್‌ಗಳಿವೆ. ಗುಬ್ಬಿ, ನವಿಲು ಫಾಂಟ್‌ಗಳೂ ಸಿಗುತ್ತವೆ. ಊರಿನ ಶಾಲೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸುವಾಗ ನಾವು ಕೇಳಬೇಕಾದ್ದು ಎರಡೇ ಮಾತು: ಇದರಲ್ಲಿ ಏನೇನು ಹಾಕುತ್ತಿದ್ದೀರಿ? ಕನ್ನಡ ಹಾಕಿದ್ದೀರಾ?