ತಬ್ಬಿಕೊಂಡವನು ಹೇಡಿಯಾ? ಬಾಕ್ಸಿಂಗ್‌ನ ಹಳೇ ಜಗಳ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ನಿಂದ ಮಾತಾಡ್ತಿದ್ದೀನಿ. ಮೊನ್ನೆ ಚಹಾದಂಗಡಿಯಲ್ಲಿ ಗೆಳೆಯರ ಜೊತೆ ಮೊಬೈಲ್‌ನಲ್ಲಿ ಬಾಕ್ಸಿಂಗ್ ನೋಡ್ತಿದ್ದೆ. ಏಟು ತಿಂದವನು ಎದುರಾಳಿಯನ್ನ ಗಟ್ಟಿಯಾಗಿ ತಬ್ಬಿಕೊಂಡ. ‘ಲೇ, ಇದು ಬಾಕ್ಸಿಂಗೋ, ಕಬಡ್ಡಿಯೋ?’ ಅಂದ ಒಬ್ಬ. ಕಬಡ್ಡಿಯಲ್ಲಿ ಹಿಡಿಯೋದೇ ಆಟ. ಬಾಕ್ಸಿಂಗ್‌ನಲ್ಲಿ ಹಿಡಿದರೆ ಮಾತ್ರ ಯಾಕೆ ಬೈತೀವಿ?

ಇದಕ್ಕೆ ಕ್ಲಿಂಚ್ ಅಂತಾರೆ. ಮೊದಲು ಇದು ತಪ್ಪೇ ಆಗಿರಲಿಲ್ಲ. 1743ರಲ್ಲಿ ಇಂಗ್ಲೆಂಡಿನ ಜ್ಯಾಕ್ ಬ್ರಾಟನ್ ಮಾಡಿದ ನಿಯಮಗಳು ಸೊಂಟದ ಕೆಳಗೆ ಹಿಡಿಯಬಾರದು ಅಂದವು. ಮೇಲೆ ಹಿಡಿದು ಕೆಡವಬಹುದಿತ್ತು. 1867ರ ಕ್ವೀನ್ಸ್‌ಬೆರಿ ನಿಯಮಗಳು ಮಾತ್ರ ಕುಸ್ತಿಯೂ ಬೇಡ, ತಬ್ಬೋದೂ ಬೇಡ ಅಂದವು. ಆದರೂ ಅದು ನಿಲ್ಲಲಿಲ್ಲ. ರೆಫರಿ ಬಿಡಿಸ್ತಾನೆ, ಅತಿಯಾದರೆ ಎಚ್ಚರಿಸ್ತಾನೆ, ಆಮೇಲೆ ಪಾಯಿಂಟ್ ಕಡಿತ. ಅಂದ್ರೆ ಎಷ್ಟು ಹಿಡಿದರೆ ತಪ್ಪು ಅನ್ನೋದು ರೆಫರಿ ಕೈಯಲ್ಲಿದೆ.

1974ರ ಜನವರಿ 28, ನ್ಯೂಯಾರ್ಕ್. ಜೋ ಫ್ರೇಜಿಯರ್ ಒಳಗೆ ನುಗ್ಗಿ ಹೊಡೆಯೋ ಆಟಗಾರ. ಅವರು ಹತ್ತಿರ ಬಂದಾಗೆಲ್ಲ ಮೊಹಮ್ಮದ್ ಅಲಿ ಕತ್ತು ಹಿಡಿದು ಕೆಳಕ್ಕೆ ಒತ್ತಿದರು. 12 ಸುತ್ತು ಮುಗಿದಾಗ ಗೆದ್ದಿದ್ದು ಅಲಿ.

ಮುಂದಿನ ಪಂದ್ಯ 1975ರ ಅಕ್ಟೋಬರ್ 1, ಮನಿಲಾ. ಹಿಡಿಯೋಕೆ ಬಿಡದ ರೆಫರಿ ಬೇಕು ಅಂತ ಫ್ರೇಜಿಯರ್ ತರಬೇತುದಾರ ಎಡ್ಡಿ ಫಚ್ ಪಟ್ಟು ಹಿಡಿದರು. ಫಿಲಿಪ್ಪೀನ್ಸ್‌ನ ಕಾರ್ಲೋಸ್ ಪಡಿಲ್ಲಾ ಬಂದರು, ಅಲಿಯ ಹಿಡಿತ ಬಿಡಿಸ್ತಾ ಹೋದರು. ಏನಾಯ್ತು ನೋಡ್ರಿ: 14 ಸುತ್ತು ಇಬ್ಬರೂ ಜಜ್ಜಿಕೊಂಡರು. ಫ್ರೇಜಿಯರ್‌ಗೆ ಕಣ್ಣು ಕಾಣದ ಸ್ಥಿತಿ. ಸಾಕು ಅಂತ ಪಂದ್ಯ ನಿಲ್ಲಿಸಿದ್ದು ಅದೇ ಫಚ್. ಗೆದ್ದ ಅಲಿಯೂ ಸಾವಿನ ಹತ್ತಿರ ಹೋಗಿಬಂದೆ ಅನ್ನೋ ಅರ್ಥದಲ್ಲಿ ಮಾತಾಡಿದರು. ನಾವು ಇವತ್ತಿಗೂ ಅದನ್ನ ಮಹಾನ್ ಪಂದ್ಯ ಅಂತೀವಿ.

ಹಾಗಂತ ಪೂರ್ತಿ ಹಿಡಿದೇ ಗೆಲ್ಲೋದು ಸರೀನಾ? 2013ರಲ್ಲಿ ಮಾಸ್ಕೋದಲ್ಲಿ ವ್ಲಾದಿಮಿರ್ ಕ್ಲಿಚ್ಕೊ, ಪೊವೆಟ್ಕಿನ್ ಮೇಲೆ ಪದೇ ಪದೇ ಒರಗಿ, ಹಿಡಿದು ಆಡಿದರು. ಪಾಯಿಂಟ್ ಕಡಿತವಾಗಿದ್ದು 11ನೇ ಸುತ್ತಿನಲ್ಲಿ. ಕೊನೆಗೆ ಸುಲಭವಾಗಿ ಗೆದ್ದರು. ಬಿ.ಕಾಂ ಓದಿದವನ ಲೆಕ್ಕ ಹೇಳ್ತೀನಿ: ದಂಡಕ್ಕಿಂತ ಲಾಭ ಜಾಸ್ತಿ ಇದ್ದರೆ ಯಾರು ಬಿಡ್ತಾರೆ? ಅಲ್ಲಿ ರೆಫರಿ ಬೇಗ ಪಾಯಿಂಟ್ ಕಿತ್ತುಕೊಳ್ಳಬೇಕಿತ್ತು.

ಆದರೆ ತಲೆಗೆ ಏಟು ಬಿದ್ದು ಕಾಲು ನಡುಗುವಾಗ ಹಿಡಿದುಕೊಂಡವನನ್ನ ನಾನು ಹೇಡಿ ಅನ್ನಲ್ಲ. ಅವನು ಸಂಜೆ ಮನೆಗೆ ಹೋಗಬೇಕಲ್ರಿ. ಚಹಾದಂಗಡಿ ಗೆಳೆಯ ಇನ್ನೂ ಒಪ್ಪಿಲ್ಲ. ನೀವೇನಂತೀರಿ? ಮುಂದಿನ ವಾರ ಸಿಗೋಣ.